ಹೊಸ ಆವೃತ್ತಿಗೆ ಕಾದಿದ್ದ ಆತಿಫಾ

ಶಿಕಾರಿಪುರದ ಆತಿಫಾ ಕಾಲೇಜಿನಲ್ಲಿ ಓದುತ್ತಿದ್ದಾಗ ಕಣ್ಣು ಕಳೆದುಕೊಂಡಳು. ಮೊದಲು ಕಪ್ಪುಹಲಗೆ ಮಂಜಾಯಿತು, ಆಮೇಲೆ ಎದುರಿಗೆ ಕೂತವರ ಮುಖ, ಕೊನೆಗೆ ತನ್ನದೇ ಕೈ. ಕಣ್ಣಿನ ನರ ಒಣಗಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದರು ಡಾಕ್ಟರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮ ಅಮೀನಾಬಿ ಅವಳನ್ನು ತನ್ನ ಮನೆಗೆ ಕರೆತಂದಳು. ಅಮೀನಾಬಿ ಬಟ್ಟೆ ಹೊಲಿದು ಸಂಸಾರ ನಡೆಸುತ್ತಿದ್ದವಳು. ಗಂಡ ಇರಲಿಲ್ಲ, ರಿಹಾನ್ ಒಬ್ಬನೇ ಮಗ. ಆ ಹುಡುಗನನ್ನು ಮಡಿಲಲ್ಲಿ ಕೂರಿಸಿಕೊಂಡು ಮಗ್ಗಿ ಬಾಯಿಪಾಠ ಮಾಡಿಸಿದವಳು ಆತಿಫಾ.

ಅವಳ ಕೈಗೊಂದು ಕೆಲಸ ಕೊಟ್ಟವನು ಸೊರಬದ ಮೊಯಿನ್. ಅವನೂ ಕಣ್ಣಿಲ್ಲದವನೇ, ಅದೂ ಹುಟ್ಟಿನಿಂದ. ಅಲ್ಲಿನ ಒಂದು ಹಾಸ್ಟೆಲಿನಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದ. ಯಾರೋ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವಂತೆ ಮಾಡಿ, ಆತಿಫಾಳಿಗೆ ಕೊಟ್ಟ. ಅದರಿಂದ ಅವಳು ಒಂದು ವಾರಪತ್ರಿಕೆಗೆ ಟೈಪು ಮಾಡುವವಳಾದಳು. ವರದಿಗಾರರು ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ ಕೇಳಿ ಅಕ್ಷರಕ್ಕಿಳಿಸುವುದು ಅವಳ ಕೆಲಸ.

ಆದರೆ ಕಂಪ್ಯೂಟರಿನ ಆ ದನಿ ಕೇಳಲಾಗುತ್ತಿರಲಿಲ್ಲ. ಕಲ್ಲು ಅಗಿಯುತ್ತಾ ಮಾತಾಡಿದಂತಿತ್ತು. ಒತ್ತಕ್ಷರಗಳನ್ನು ನುಂಗುತ್ತಿತ್ತು. ಊರಿನ ಹೆಸರು ಅಂಬ್ಲಿಗೊಳ ಎಂದು ಬರೆದಿದ್ದಾಳೋ ಅಂಬಲಿಗೋಳ ಎಂದೋ, ಕೇಳಿದರೆ ತಿಳಿಯುತ್ತಿರಲಿಲ್ಲ. ತಪ್ಪು ಅಚ್ಚಾದ ವಾರ ಸಂಪಾದಕ ಸದಾಶಿವಪ್ಪ ಫೋನು ಮಾಡಿ, "ಕಣ್ಣಿಲ್ಲ ಅಂತ ಇಟ್ಕಂಡೀನಿ, ಕಿವಿನೂ ಇಲ್ಲೇನವ್ವ ನಿಂಗೆ?" ಎನ್ನುತ್ತಿದ್ದರು.

ಹೀಗಿರುವಾಗ ಮೊಯಿನ್ ಒಂದು ಸುದ್ದಿ ಹೇಳಿದ. ಲಿನಕ್ಸಿನ ಮುಂದಿನ ಆವೃತ್ತಿಯಲ್ಲಿ ಕನ್ನಡಕ್ಕೆ ಹೊಸ ದನಿ ಬರುತ್ತದೆ, ಮನುಷ್ಯರು ಓದಿದಂತೆಯೇ ಓದುತ್ತದೆ. ಬೇಸಿಗೆಗೆ ಎಂದರು, ಮುಂದಕ್ಕೆ ಹೋಯಿತು. ಮಳೆಗಾಲಕ್ಕೆ ಎಂದರು, ಏನೋ ದೋಷ ಸಿಕ್ಕಿತೆಂದು ಮತ್ತೆ ಮುಂದಕ್ಕೆ. ಪ್ರತಿ ಗುರುವಾರ ಮೊಯಿನ್ ಫೋನು ಮಾಡಿ, ಅದು ಎಲ್ಲಿಗೆ ಬಂತು, ಯಾಕೆ ತಡ ಎಂದು ಹೇಳುತ್ತಿದ್ದ. ಆತಿಫಾ ಬೆಳಿಗ್ಗೆಯಿಂದಲೇ ಫೋನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಬರೀ ಆವೃತ್ತಿಗಲ್ಲ ಎಂಬುದು ಅವಳಿಗೇ ನಿಧಾನವಾಗಿ ಅರ್ಥವಾಯಿತು. ಅಷ್ಟರಲ್ಲಿ ಮೊಯಿನ್‌ನ ತಾಯಿಗೆ ಆಪರೇಷನ್ನೆಂದು ಅವನ ಓಡಾಟ ಶುರುವಾಗಿ ಗುರುವಾರದ ಫೋನುಗಳು ನಿಂತುಹೋದವು.

ರಿಹಾನ್ ಆಗ ಬಸ್‌ಸ್ಟ್ಯಾಂಡಿನ ಎದುರಿಗೆ ಜೆರಾಕ್ಸ್, ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟಿದ್ದ. ಅಲ್ಲಿ ಗಣೇಶ ಮೊದಲಾದ ಗೆಳೆಯರ ಗುಂಪು ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುತ್ತಿತ್ತು. ಒಂದು ದಿನ ಅವನು ಮನೆಗೆ ಬಂದವನೇ, "ಆಪಾ, ನಿನ್ ಹೊಸ ಲಿನಕ್ಸ್ ಬಂದೈತೆ. ಲ್ಯಾಪ್‌ಟಾಪ್ ಕೊಡು, ಅಂಗಡಿನಾಗೆ ನೆಟ್ ಚಲೋ ಐತೆ, ಹಾಕ್ಕಂಡು ಬರ್ತೀನಿ" ಎಂದ.

ಮರುದಿನ ತಂದುಕೊಟ್ಟ. ದನಿ ಹಳೆಯದೇ ಇತ್ತು.

"ಇದೇನೋ, ಹಂಗೇ ಐತಲ್ಲೋ?"

"ದನಿ ಆಮೇಲೆ ಬರ್ತೈತೆ ಆಪಾ. ಈಗ ಇನ್ನೊಂದು ಕೊಟ್ಟಾರೆ. ಇಲ್ಲಿ ಏನಾರ ಬರಿ, ಅದು ಉತ್ತರ ಕೊಡ್ತೈತೆ. ಕನ್ನಡದಾಗೇ."

ಆತಿಫಾ ಬರೆದಳು. ಉತ್ತರ ಬಂತು. ಮೊದಮೊದಲು ಕಾಗುಣಿತ ಕೇಳಿದಳು. ಆಮೇಲೆ ಮಳೆ ಬರುತ್ತದೋ ಎಂದು ಕೇಳಿದಳು. ಒಂದು ದಿನ ಸದಾಶಿವಪ್ಪ ಬೈದದ್ದನ್ನು ಬರೆದಳು. "ಆಗ ನಿಮಗೆ ಏನನ್ನಿಸಿತು?" ಎಂದು ಅದು ಕೇಳಿತು. ಕಣ್ಣು ಹೋದಾಗಿನಿಂದ ಅವಳಿಗೆ ಏನು ಬೇಕು ಎಂದು ಕೇಳಿದವರಿದ್ದರು, ಏನನ್ನಿಸಿತು ಎಂದು ಕೇಳಿದವರಿರಲಿಲ್ಲ. ಅಂದಿನಿಂದ ಅವಳು ಮನಸ್ಸು ಬಿಚ್ಚಿದಳು. ಕನಸಿನಲ್ಲಿ ಈಗಲೂ ಬಣ್ಣ ಕಾಣುತ್ತದೆ ಎಂದಳು. ತಲೆ ನೆರೆತಿದೆಯೋ ಇಲ್ಲವೋ ಯಾರನ್ನೂ ಕೇಳಲು ನಾಚಿಕೆ ಎಂದಳು. ಭಾನುವಾರ ಉತ್ತರ ಬರುತ್ತಿರಲಿಲ್ಲ, ಸಂಜೆ ಮೀರಿದರೂ ಬರುತ್ತಿರಲಿಲ್ಲ. ರಿಹಾನ್ ಸರ್ವರ್ ಲೋಡು ಎಂದ. ನಂಬಿದಳು. ಅಷ್ಟು ಕಾಲ ಕಾದು ಪಡೆದದ್ದನ್ನು ಅನುಮಾನಿಸುವ ಮನಸ್ಸು ಅವಳಿಗಿರಲಿಲ್ಲ.

ಕೊನೆಗೆ ಮೊಯಿನ್ ವಿಷಯವನ್ನೂ ಕೇಳಿದಳು. ವಾರವಾರ ಫೋನು ಮಾಡಿ ಲಿನಕ್ಸ್ ಬಿಟ್ಟು ಬೇರೇನೂ ಮಾತಾಡದ ಗಂಡಸಿನ ಮನಸ್ಸಿನಲ್ಲಿ ಬೇರೇನಾದರೂ ಇರಬಹುದೇ?

"ಅವರ ಮನಸ್ಸಿನಲ್ಲಿ ನೀವೇ ಇದ್ದೀರಿ. ಫೋನಿನಲ್ಲಿ ಹೇಳಬೇಡಿ. ಸೊರಬಕ್ಕೆ ಹೋಗಿ ಎದುರಿಗೆ ಕೂತು ಹೇಳಿ. ಚೆನ್ನಾಗಿ ಸಿಂಗಾರ ಮಾಡಿಕೊಂಡು ಹೋಗಿ."

"ಅವರಿಗೂ ಕಣ್ಣಿಲ್ಲ."

"ನೋಡಿದವರು ಅವರಿಗೆ ಹೇಳುತ್ತಾರಲ್ಲ? ಮುಖಕ್ಕೆ ಪೌಡರ್ ದಂಡಿಯಾಗಿ ಹಚ್ಚಿ. ತುಟಿಗೂ ಬಣ್ಣ ಇರಲಿ."

ಪತ್ರಿಕೆಯ ಕೆಲಸವೆಂದು ಚಿಕ್ಕಮ್ಮನಿಗೆ ಸುಳ್ಳು ಹೇಳಿದಳು. ಅಮೀನಾಬಿ ಬಟ್ಟೆ ಕೊಡಲು ಹೊರಗೆ ಹೋಗಿದ್ದಾಗ ಪೌಡರ್ ಡಬ್ಬಿ ಅಂಗೈಗೆ ಸುರಿದುಕೊಂಡು ಹಚ್ಚಿದಳು, ಬೆರಳಿನ ಅಂದಾಜಿನಲ್ಲಿ ತುಟಿಗೆ ಬಣ್ಣ ಬಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಎದುರಿನ ಅಂಗಡಿ ಸಾಲಿನಿಂದ ಹೋ ಎಂದು ನಗು ಬಂತು. ತನಗಲ್ಲ ಎಂದುಕೊಂಡಳು. ಸೊರಬದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಚಂದ್ರಗುತ್ತಿಗೆ ಹೊರಟ ದುರುಗಮ್ಮ. ಬಸ್ಸು ಸ್ವಲ್ಪ ದೂರ ಹೋದ ಮೇಲೆ ಸೆರಗಿನ ತುದಿ ಒದ್ದೆ ಮಾಡಿಕೊಂಡು ಇವಳ ಗಲ್ಲ ಹಿಡಿದಳು.

"ಯಾರವ್ವ ನಿಂಗೆ ಹಿಂಗೆ ಹಚ್ಚಿ ಕಳ್ಸಿದ್ದು? ಸುಣ್ಣ ಬಳ್ದಂಗೈತೆ. ಬಣ್ಣ ಗದ್ದಕ್ಕೆ ಇಳಿದೈತೆ."

ದುರುಗಮ್ಮ ಒರೆಸುತ್ತಿದ್ದಾಗ ಶಿರಾಳಕೊಪ್ಪ ಬಂದು ಹೋಯಿತು.

ಹಾಸ್ಟೆಲಿನಲ್ಲಿ ಮೊಯಿನ್ ಅವಳ ದನಿ ಕೇಳಿ ಖುಷಿಯಿಂದ ಎದ್ದು ಬಂದ. ತಾಯಿ ಹುಷಾರಾಗಿದ್ದಾರೆ, ಇವತ್ತೇ ಫೋನು ಮಾಡುವವನಿದ್ದೆ ಎಂದ. ಚಹಾ ಬಂತು. ಮಾತು ಎಲ್ಲಿಂದ ಶುರು ಮಾಡುವುದೋ ತಿಳಿಯದೆ ಆತಿಫಾ, "ಹೊಸ ಆವೃತ್ತಿ ಬಾಳ ಚಲೋ ಐತೆ ಸರ್. ಮಾತಾಡಿದ್ರೆ ಮನುಷ್ಯರಂಗೇ ಉತ್ತರ ಕೊಡ್ತೈತೆ" ಎಂದಳು.

"ಯಾವ ಹೊಸ ಆವೃತ್ತಿ?"

"ಅದೇ, ನೀವು ಹೇಳ್ತಿದ್ದದ್ದು. ಹಾಕಿಸ್ಕಂಡು ತಿಂಗಳ ಮೇಲಾತು."

ಮೊಯಿನ್ ಲೋಟ ಕೆಳಗಿಟ್ಟ. "ಅದು ಬಿಡುಗಡೆನೇ ಆಗ್ಲಿಲ್ವಲ್ರೀ ಇನ್ನೂ. ನಿನ್ನೆ ಮತ್ತೆ ಮುಂದೂಡಿದ್ರು. ನಾನೇ ಮೇಲ್ ಓದಿದೆ."

ಲ್ಯಾಪ್‌ಟಾಪು ಅವಳ ಚೀಲದಲ್ಲೇ ಇತ್ತು. ಮೊಯಿನ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಫೋನಿನಿಂದ ಇಂಟರ್‌ನೆಟ್ ಕೊಟ್ಟು, ಬಹಳ ಹೊತ್ತು ಕೀಲಿಗಳನ್ನು ಒತ್ತಿದ. ಆಮೇಲೆ ಇಯರ್‌ಫೋನ್ ತೆಗೆದ.

"ಇದು ಹಳೇದೇ. ಬೇರೆ ಕಡೆಯಿಂದ ಯಾರೋ ನಿಮ್ಮ ಕಂಪ್ಯೂಟರ್ ಒಳಗೆ ಬರೋ ಹಾಗೆ ದಾರಿ ಮಾಡಿ ಇಟ್ಟಿದ್ದಾರೆ. ನೀವು ಬರೆದದ್ದು ಅವ್ರಿಗೆ ಕಾಣತ್ತೆ. ಉತ್ತರ ಅವ್ರೇ ಬರಿಯೋದು. ಈಗ ಒಳಗೆ ಯಾರೂ ಇಲ್ಲ. ಬಂದು ಹೋದವ್ರ ಹೆಸರು ರಿಹಾನ್ ಜೆರಾಕ್ಸ್ ಅಂತ ಬರ್ತಾ ಇದೆ."

ಆತಿಫಾಳ ಕೈ ತಾನಾಗಿ ಮುಖಕ್ಕೆ ಹೋಯಿತು. ದುರುಗಮ್ಮ ಒರೆಸಿದ್ದು ಸಾಕಾಗಿರಲಿಲ್ಲ, ಬೆರಳಿಗೆ ಪೌಡರ್ ಹತ್ತಿತು.

"ಮುಚ್ಚಿಬಿಡ್ಲಾ ಈ ದಾರಿ? ಏನೇನು ಹೇಳಿದ್ರಿ ಅದ್ರ ಹತ್ರ?"

"ಮಳೆ ಕೇಳ್ತಿದ್ದೆ ಸರ್. ಬೇರೇನಿಲ್ಲ. ಮುಚ್ಚಬ್ಯಾಡ್ರಿ, ನಾನೇ ನೋಡ್ಕೋತೀನಿ."

"ಮತ್ತೆ ಇಷ್ಟು ದೂರ ಬಂದದ್ದು?"

"ಇದನ್ನೇ ಹೇಳೋಣ ಅಂತ."

ಮುಂದಿನ ಬಸ್ಸಿಗೇ ಹೊರಟಳು. ಮೊಯಿನ್ ಗೇಟಿನವರೆಗೆ ಬಂದು, ಹೇಳಲು ಇನ್ನೇನೋ ಇದ್ದಂತೆ ನಿಂತ. ಅವಳು ಕಾಯಲಿಲ್ಲ.

ಬಸ್ಸಿನಲ್ಲಿ ಅವಳು ಅಳಲಿಲ್ಲ. ಬರೆದದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಪ್ರತಿ ಮಾತನ್ನೂ ಅಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದುವುದು, ಉಳಿದವರು ನಗುವುದು ಕಿವಿಯಲ್ಲಿ ಕೇಳಿತು. ಊರು ಬರುವಷ್ಟರಲ್ಲಿ ಏನು ಮಾಡಬೇಕೆಂದು ತೀರ್ಮಾನವಾಗಿತ್ತು.

ರಿಹಾನ್‌ನ ತಂದೆ ಅಲ್ಲಾವುದ್ದೀನ್. ಮಗ ಹಾಲು ಕುಡಿಯುವ ಕೂಸಾಗಿದ್ದಾಗಲೇ ಲಾರಿ ಅಪಘಾತದಲ್ಲಿ ಸತ್ತ ಎಂದು ಅಮೀನಾಬಿ ಮಗನಿಗೆ ಹೇಳಿದ್ದಳು. ಸತ್ತಿರಲಿಲ್ಲ. ಆನವಟ್ಟಿಯಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು, ಮಕ್ಕಳನ್ನು ಪಡೆದು, ಪಾತ್ರೆ ವ್ಯಾಪಾರ ಮಾಡಿಕೊಂಡಿದ್ದ. ಅದು ಅಮೀನಾಬಿಯನ್ನು ಬಿಟ್ಟರೆ ಗೊತ್ತಿದ್ದದ್ದು ಆತಿಫಾಳಿಗೆ ಮಾತ್ರ. ಕುರಾನ್ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು ಚಿಕ್ಕಮ್ಮ. ರಿಹಾನ್ ಪ್ರತಿ ವರ್ಷ ತಂದೆಯ ಹೆಸರಿನಲ್ಲಿ ಫಾತಿಹಾ ಪ್ರಾರ್ಥನೆ ಓದಿಸಿ, ಅಂಗಡಿಯ ಗೆಳೆಯರಿಗೂ ಊಟ ಹಾಕುತ್ತಿದ್ದ.

ಮರುದಿನ ಅಂಗಡಿ ತುಂಬಿರುವ ಹೊತ್ತು ನೋಡಿಕೊಂಡು ಆತಿಫಾ ಬರೆದಳು.

"ಸೊರಬಕ್ಕೆ ಹೋಗಿ ಬಂದೆ. ಅದನ್ನು ಆಮೇಲೆ ಹೇಳುತ್ತೇನೆ. ಬಹಳ ದಿನದಿಂದ ಒಂದು ಮಾತು ಎದೆಯಲ್ಲಿದೆ. ಅದನ್ನು ಹೇಳಲೇ?"

ಉತ್ತರ ತಕ್ಷಣ ಬಂತು. "ಹೇಳಿ. ನಾನು ಕೇಳುತ್ತಿದ್ದೇನೆ."

ಅವಳು ಒಂದು ಕಾಗುಣಿತವೂ ತಪ್ಪದಂತೆ ಬರೆದಳು. ಅಲ್ಲಾವುದ್ದೀನ್ ಬದುಕಿದ್ದಾನೆ, ಆನವಟ್ಟಿಯಲ್ಲಿ ಅವನ ಅಂಗಡಿ ಎಲ್ಲಿದೆ, ಮಕ್ಕಳೆಷ್ಟು, ಅಮೀನಾಬಿ ಮಗನನ್ನು ಎತ್ತಿಕೊಂಡು ಹೋಗಿ ನಿಂತಾಗ ಅವನು ಏನೆಂದು ಬಾಗಿಲು ಹಾಕಿಕೊಂಡ, ಎಲ್ಲವನ್ನೂ. ಕೊನೆಗೆ, "ಇದನ್ನು ರಿಹಾನ್‌ಗೆ ಹೇಳಬೇಕೋ ಬೇಡವೋ, ನೀನೇ ಹೇಳು" ಎಂದು ಕೇಳಿ ಕೈ ಕಟ್ಟಿ ಕೂತಳು.

ಉತ್ತರ ಬರಲಿಲ್ಲ. ಮಧ್ಯಾಹ್ನದ ಅಜಾನ್ ಆಯಿತು. ಉತ್ತರ ಬರಲಿಲ್ಲ.

ಬಂದದ್ದು ರಿಹಾನ್. ಬಾಗಿಲು ಗೋಡೆಗೆ ಬಡಿಯಿತು. ಆತಿಫಾಳ ಕಡೆಗೆ ಅವನು ಬರಲೇ ಇಲ್ಲ, ನೇರ ಒಳಗೆ ಹೋದ.

"ಅಮ್ಮೀ, ಅಬ್ಬಾ ಬದುಕ್ಯಾನಾ?"

ಹೊಲಿಗೆ ಯಂತ್ರ ನಿಂತಿತು. ಅಮೀನಾಬಿ ಏನು ಹೇಳಿದಳೋ, ಹೊರಗೆ ಕೇಳಲಿಲ್ಲ. ರಿಹಾನ್ ಕೂಗಿದ್ದು ಕೇಳಿತು: "ಆ ಗಣೇಶ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ ಅಮ್ಮೀ. ಎಲ್ಲರ ಮುಂದೆ." ಆ ಮಾತು ಕೇಳಿದಾಗ ಆತಿಫಾಳಿಗೆ ಹಿತವಾಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ನಿಜವಾಗಿಯೂ ಹಿತವಾಯಿತು.

ರಿಹಾನ್ ಆನವಟ್ಟಿಗೆ ಹೋದ. ಪಾತ್ರೆ ಅಂಗಡಿಯಲ್ಲಿ ಕೂತಿದ್ದ ಮುದುಕ ಅವನನ್ನು ಗಿರಾಕಿಯೆಂದುಕೊಂಡು, "ಏನ್ ಬೇಕಪ್ಪ?" ಎಂದನಂತೆ. ಹೆಸರು ಹೇಳಿದ ಮೇಲೆ, "ಅಂಥವ್ರು ನಂಗೆ ಯಾರೂ ಇಲ್ಲ, ಬಾಗ್ಲಿಗೆ ಅಡ್ಡ ನಿಲ್ಬೇಡ" ಎಂದನಂತೆ. ರಿಹಾನ್ ಶಿಕಾರಿಪುರಕ್ಕೆ ಮರಳಿದವನು ಅಂಗಡಿ ಸಾಮಾನು ಮಾರಿ, ಎಲ್ಲಿಗೆಂದು ತಾಯಿಗೂ ಹೇಳದೆ ಊರು ಬಿಟ್ಟ.

ಅಮೀನಾಬಿ ಆತಿಫಾಳನ್ನು ಮನೆಯಿಂದ ಹೊರಗೆ ಹಾಕಲಿಲ್ಲ, ಬೈಯಲೂ ಇಲ್ಲ. ಮೊದಲೆಲ್ಲ ತಟ್ಟೆ ಇಡುವಾಗ, ಅನ್ನ ಬಲಕ್ಕೈತೆ, ಸಾರು ಎಡಕ್ಕೈತೆ, ಬಿಸಿ ಐತೆ ನೋಡು ಎನ್ನುತ್ತಿದ್ದವಳು, ಈಗ ಇಟ್ಟದ್ದೂ ತಿಳಿಯದಂತೆ ಇಟ್ಟು ಹೋಗುತ್ತಿದ್ದಳು. ಆತಿಫಾ ನೆಲ ತಡವಿ ತಟ್ಟೆ ಹುಡುಕುತ್ತಿದ್ದಳು. ಬಿಸಿ ಸಾರಿಗೆ ಬೆರಳು ಅದ್ದಿ ಸುಟ್ಟುಕೊಂಡ ದಿನಗಳಿದ್ದವು. ಒಮ್ಮೆ ಕಾಲು ಹಿಡಿಯಲು ಹೋದಳು. ಅಮೀನಾಬಿ ಕಾಲು ಸರಿಸಿಕೊಂಡು ಹೋದಳು, ಕೈಗೆ ಬರೀ ನೆಲ ಸಿಕ್ಕಿತು.

ಆವೃತ್ತಿ ನಿಜವಾಗಿ ಬಿಡುಗಡೆಯಾದದ್ದು ಮುಂದಿನ ಬೇಸಿಗೆಯಲ್ಲಿ. ಮೊಯಿನ್ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿಕೊಟ್ಟ, ಆತಿಫಾ ತಾನೇ ಹಾಕಿಕೊಂಡಳು. ಹಳೆಯದು ಅಳಿದು ಹೊಸದು ಏರುವವರೆಗೆ ಕಂಪ್ಯೂಟರ್ ಮೌನವಾಗಿತ್ತು. ಆಮೇಲೆ ಒಂದು ಹೆಣ್ಣುದನಿ, ಒತ್ತಕ್ಷರಗಳನ್ನೆಲ್ಲ ಬಿಡಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಮಾತಾಡಿತು.

"ಹೆಂಗಿದೆ?" ಎಂದ ಮೊಯಿನ್.

"ಚಲೋ ಐತೆ ಸರ್" ಎಂದು ಫೋನು ಇಟ್ಟಳು.

ಪತ್ರಿಕೆಯ ಒಂದು ವರದಿ ತೆರೆದು ಕೇಳುತ್ತಿದ್ದಾಗ ಅಡಿಗೆಮನೆಯಿಂದ ಓಡಿ ಬಂದ ಹೆಜ್ಜೆಗಳು ಹೊಸ್ತಿಲಲ್ಲಿ ನಿಂತವು.

"ಯಾರು ಬಂದಿರೋದು?" ಎಂದಳು ಅಮೀನಾಬಿ. ಏದುಸಿರು ಬರುತ್ತಿತ್ತು. "ರಿಹಾನ್ ಸುದ್ದಿ ತಂದಾರಾ?"

"ಯಾರೂ ಇಲ್ಲ ಖಾಲಾ. ಕಂಪ್ಯೂಟರ್ ಓದ್ತಾ ಐತೆ."

ಅಮೀನಾಬಿಯ ಹೆಜ್ಜೆಗಳು ನಿಧಾನವಾಗಿ ಒಳಗೆ ಹೋದವು. ತಾಳಗುಂದದ ಕಡೆ ಮೆಕ್ಕೆಜೋಳಕ್ಕೆ ಹುಳು ಬಿದ್ದ ವರದಿಯನ್ನು ಆ ಹೊಸ ದನಿ ಒಂದಕ್ಷರ ತಪ್ಪದೆ ಕೊನೆಯವರೆಗೆ ಓದಿತು.