ಲೈಸನ್ಸ್ ಉಂಟು ಎಂದವಳು ನಾನು

ಸುಮಕ್ಕ, ನನ್ನ ಸೋದರಮಾವನಿಗೆ ಗ್ಯಾಸ್ ಕೆಲಸದ ಲೈಸನ್ಸ್ ಇಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಕೋರ್ಟಿನಲ್ಲಿ ಹೇಳಿದ್ದು ಸುಳ್ಳು.

ಅದರ ತರಬೇತಿಗೆ ಅವರ ಹೆಸರು ಕೊಟ್ಟವಳೇ ನಾನು. "ಇಷ್ಟು ವರ್ಷ ಮನೆ ಕಟ್ಟಿದವನಿಗೆ ಆ ಹುಡುಗರು ಪಾಠ ಮಾಡುದಾ?" ಎಂದು ನಗುತ್ತಾ ಮಾವ ಅರ್ಧಕ್ಕೇ ಬಿಟ್ಟುಬಂದರು.

ಇಲ್ಫರ್ಡಿನ ನಿಮ್ಮ ಮನೆಯ ಹಿಂಬದಿ ಒಡೆದು ಮಾವ ಹೊಸ ಅಡುಗೆಮನೆ ಕಟ್ಟಿಕೊಡುವಾಗಲೂ ಗ್ಯಾಸಿಗೆ ಲೈಸನ್ಸ್ ಇದ್ದವರನ್ನು ಕರೆಸುವುದೆಂದೇ ಇತ್ತು. ಗೃಹಪ್ರವೇಶದ ಹಿಂದಿನ ದಿನ ಆ ಮನುಷ್ಯ ಬರಲಿಲ್ಲ. ಬೆಳಗಾದರೆ ಮುಹೂರ್ತ. ಕರೆಂಟಿನ ಒಲೆಯಲ್ಲಿ ಹಾಲುಕ್ಕಿಸುವುದಕ್ಕೆ ನಿಮ್ಮ ಅತ್ತೆ ಒಪ್ಪಲಿಲ್ಲ — ಬೆಂಕಿ ಕಣ್ಣಿಗೆ ಕಾಣಬೇಕು ಎಂದರು. ಮಾವ ತಾವೇ ಪೈಪು ಜೋಡಿಸಲು ಕುಳಿತರು. ನೀವು ನನ್ನನ್ನು ಪಕ್ಕಕ್ಕೆ ಕರೆದಿರಿ.

"ಅವರಿಗೆ ಇದರ ಲೈಸನ್ಸ್ ಉಂಟಲ್ಲ ಮಾರಾಯ್ತಿ? ಅವರ ಹತ್ರವೇ ಕೇಳಿದ್ರೆ ಬೇಜಾರು ಮಾಡ್ಕೊಳ್ತಾರೆ."

"ಉಂಟು ಅಕ್ಕ."

ನಮ್ಮವರನ್ನು ಹಾಗೆಲ್ಲ ಕೇಳಬಾರದು — ಆ ಸಂಕೋಚ ನಿಮ್ಮದು. ಅದರ ಹಿಂದೆ ಅಡಗಿಕೊಂಡವಳು ನಾನು.

ಹಾಲು ಉಕ್ಕಿತು, ಎಲ್ಲರೂ ಕೈಮುಗಿದರು. ಮರುವಾರ ನಿಮ್ಮ ಅತ್ತೆ ಒಲೆ ಹಚ್ಚಿದಾಗ, ಸೋರಿ ತುಂಬಿಕೊಂಡಿದ್ದ ಗ್ಯಾಸ್ ಭಗ್ಗೆಂದಿತು. ಅವರ ಕತ್ತು, ಬಲಗೈ...

ತನಿಖೆಯವರು ಕರೆದಾಗ ಮಾವನನ್ನು ಹೇಗಾದರೂ ಉಳಿಸಬೇಕೆಂದೇ ಹೋಗಿದ್ದೆ. ಅಷ್ಟರಲ್ಲಿ ಮಾವ ತಮ್ಮ ಹೇಳಿಕೆ ಕೊಟ್ಟಾಗಿತ್ತು. ಅದನ್ನು ತನಿಖೆಯವರು ನನಗೆ ಓದಿ ಹೇಳಿದರು: "ಲೈಸನ್ಸಿನ ವಿಚಾರವೆಲ್ಲ ನನ್ನ ಅಕ್ಕನ ಮಗಳದ್ದು, ಎಲ್ಲ ಸರಿಯಾಗಿದೆ ಎಂದು ಅವಳೇ ಹೇಳಿದ್ದಳು, ನನಗೆ ಇಂಗ್ಲಿಷ್ ಬರುವುದಿಲ್ಲ."

ಇಂಗ್ಲಿಷ್ ಬರುವುದಿಲ್ಲವಂತೆ — ಕಟ್ಟಡದ ಪರ್ಮಿಷನ್ನಿಗೆ ಕೌನ್ಸಿಲ್ ಆಫೀಸಿನವರೊಡನೆ ಫೋನಿನಲ್ಲಿ ಗಂಟೆಗಟ್ಟಲೆ ವಾದಿಸುವ ಮಾವನಿಗೆ! ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಊರಿನಿಂದ ಈ ದೇಶಕ್ಕೆ ಕರೆಸಿ ಓದಿಸಿದ ಮಾವ, ನನ್ನನ್ನೇ ಮುಂದೆ ತಳ್ಳಿ ತಾವು ಹಿಂದೆ... ಈ ವಾಕ್ಯ ಮುಗಿಸಲು ಇಂದಿಗೂ ಆಗುತ್ತಿಲ್ಲ.

ನಾನು ಅಳಲಿಲ್ಲ. ತರಬೇತಿ ಮುಗಿಸಿದ್ದೇನೆಂದು ಅವರೇ ನನ್ನನ್ನು ನಂಬಿಸಿದ್ದರು ಎಂದು ತಣ್ಣಗೆ ಹೇಳಿದೆ. ಕೋರ್ಟಿನಲ್ಲಿ ಪ್ರಮಾಣ ಮಾಡಿಯೂ ಅದನ್ನೇ ಹೇಳಿದೆ. ಲೈಸನ್ಸಿಲ್ಲದೆ ಮಾಡಿದ ಕೆಲಸಕ್ಕೆ ಶಿಕ್ಷೆ ಹೇಗೂ ಇತ್ತು. ಆದರೆ ಮನೆಯ ಹುಡುಗಿಯನ್ನೂ ವಂಚಿಸಿದವರು ಎಂದು ನ್ಯಾಯಾಧೀಶರು ಅದನ್ನು ಹೆಚ್ಚಿಸಿದರು. ಮಾವ ಜೈಲಿಗೆ ಹೋದರು. ಹೋಗುವ ಮುಂಚೆ ಒಮ್ಮೆ ನನ್ನತ್ತ ನೋಡಿದರು. ಅವರ ಹೇಳಿಕೆ ಕೇಳಿದಾಗ ನನಗೆ ಆದದ್ದೇ ಆಗ ಅವರಿಗೂ ಆಗಿರಬೇಕು.

ಹೊರಗೆ ನೀವು ನನ್ನನ್ನು ತಬ್ಬಿಕೊಂಡಿರಿ. "ನಿನಗೂ ಮೋಸ ಮಾಡಿದ್ರಲ್ಲ ಮಗಾ." ಆ ಕನಿಕರವನ್ನು ಇಷ್ಟು ವರ್ಷ ಹಾಗೇ ಇಟ್ಟುಕೊಂಡೆ. ಹಬ್ಬಕ್ಕೆ ಕರೆದಿರಿ, ಬಂದೆ. ನಿಮ್ಮ ಅತ್ತೆ ಸುಟ್ಟ ಆ ಕೈಯಿಂದಲೇ ಬಡಿಸಿದರು, ಉಂಡೆ.

ಮಾವ ನನಗೆ ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆಂದು ಬರೆದರೆ ಅದೂ ಇನ್ನೊಂದು ಸುಳ್ಳಾದೀತು. ಆದರೆ ಅವರು ನನ್ನನ್ನು ನಂಬಿಸಿರಲಿಲ್ಲ. ಮಾಡದ ಆ ಒಂದು ತಪ್ಪಿಗೂ ಅವರು ಒಳಗಿದ್ದು ಬಂದರು.

ನಾಳೆ ವಕೀಲರೊಬ್ಬರ ಜೊತೆ ಪೊಲೀಸರ ಬಳಿ ಹೋಗಿ ನಿಜ ಹೇಳುತ್ತೇನೆ. ನನಗೂ ಜೈಲಾಗಬಹುದು ಎಂದಿದ್ದಾರೆ. ಅದಕ್ಕೆ ಮೊದಲು, ಇಂದು ಸಂಜೆ, ನಿಮ್ಮಲ್ಲಿಗೆ ಬರುತ್ತೇನೆ. ಅತ್ತೆಯವರಿಗೆ ನೀವು ಏನೂ ಹೇಳಬೇಡಿ. ನಾನೇ ಹೇಳಬೇಕು — ನೀವು ಬಾಗಿಲು ತೆರೆದರೆ.