ನಡುವಿಗೆ ಹೋಗದ ಏಳು ಸುತ್ತು

"ಕೀಳಬ್ಯಾಡಲೇ! ಕಲ್ಲಿಗಿ ಕೈ ಹಚ್ಚಬ್ಯಾಡ!" ಎನ್ನುತ್ತ ಗುತ್ತೇದಾರ ಓಡಿ ಬಂದು ನನ್ನ ಕೈಯಲ್ಲಿದ್ದ ಹಾರೆ ಹಿಡಿದ. ಅಷ್ಟರಲ್ಲಿ ನಾನು ನಾಲ್ಕು ಕಲ್ಲಿನ ಪಟ್ಟಿ ಕಿತ್ತು ಪಕ್ಕಕ್ಕೆ ಎಸೆದಿದ್ದೆ. ಹಿಂದಿನ ದಿನ ಹಾಕಿದ ಸಿಮೆಂಟು ಇನ್ನೂ ಪೂರ್ತಿ ಬಿಗಿದಿರಲಿಲ್ಲ.

"ನಾಳಿ ಮುಂಜಾನಿ ಮಂದಿ ಬರ್ತದ. ತಲಿ ಕೆಟ್ಟದೇನು ನಿನಗ?"

"ದಾರಿ ನಡುವಿಗಿ ಹೋಗಂಗಿಲ್ರಿ."

"ನಡುವ ಯಾನ್ ಇಟ್ಟೀದಿ, ಹೋಳಿಗಿ? ಎರಡ ಸುತ್ತ ಹೊಡೀತಾರ, ಬೆಂಚಿನ ಮ್ಯಾಲ ಕುಂದರ್ತಾರ. ಯಾರ್ ಎಣಸ್ತಾರ?"

ಇದು ನಡೆದದ್ದು ಸೇಡಂನಲ್ಲಿ, ಒಂದು ಪ್ರಾರ್ಥನಾ ಮಂದಿರದ ಅಂಗಳದಲ್ಲಿ. ಅದನ್ನು ನೋಡಿಕೊಳ್ಳುವ ನಿವೃತ್ತ ಮಾಸ್ತರರಿಗೆ ಏಳು ಸುತ್ತಿನ ಕೋಟೆ ಬೇಕಾಗಿತ್ತು. ಗೋಡೆಯಿಲ್ಲದ ಕೋಟೆ. ನೆಲದಲ್ಲಿ ಶಹಾಬಾದ ಕಲ್ಲಿನ ಪಟ್ಟಿ ಕೂರಿಸಿ ಗೆರೆ ಮಾಡಬೇಕು, ಗೆರೆಗಳ ನಡುವೆ ಮಂದಿ ಬರಿಗಾಲಲ್ಲಿ ನಡೆಯಬೇಕು. ಒಂದೇ ದಾರಿ, ಕವಲಿಲ್ಲ. ಸುತ್ತಿ ಸುತ್ತಿ ನಡುವಿಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಹೊರಗೆ ಬರಬೇಕು. ಹಾಗೆ ನಡೆದರೆ ಮನಸ್ಸು ಶಾಂತವಾಗುತ್ತದೆ ಎಂದು ಮಾಸ್ತರರು ಹೇಳಿದರು. ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ರಾವೂರಿನ ಖಣಿಯಲ್ಲಿ ಕಲ್ಲು ಎಬ್ಬಿಸಿದೆ, ಆಮೇಲೆ ಫರ್ಸಿ ಹಾಕುವುದು, ಅಂದರೆ ನೆಲಕ್ಕೆ ಕಲ್ಲು ಹಾಸುವುದು ಕಲಿತೆ. ಅಲ್ಲಿಯವರೆಗೆ ಯಾರದೋ ಕೈಕೆಳಗೆ ದುಡಿದಿದ್ದೆ. ಈ ಕೋಟೆಗೆ ಮೊದಲ ಸಲ ನಾನೇ ಮೇಸ್ತ್ರಿ. ಇದು ಸರಿಯಾದರೆ ಮಂದಿರದ ಒಳಗಿನ ದೊಡ್ಡ ಹಾಲ್‌ನ ಫರ್ಸಿಯೂ ನಿನ್ನದೇ ಎಂದು ಗುತ್ತೇದಾರ ಮಾತು ಕೊಟ್ಟಿದ್ದ.

ತಪ್ಪು ನನ್ನದೇ. ಮಾಸ್ತರರು ಕೊಟ್ಟ ಚಿತ್ರ ಸರಿಯಾಗಿಯೇ ಇತ್ತು. ಫರ್ಸಿ ಹಾಕುವವರು ಗೋಡೆಯ ಕಡೆಯಿಂದ ದಾರ ಕಟ್ಟಿಕೊಂಡು ಒಳಗೆ ಬರುತ್ತೇವೆ. ಕೈಗೆ ಅದೇ ರೂಢಿ. ಕೋಟೆಗೂ ಹಾಗೇ ಮಾಡಿದೆ. ಮೊದಲು ಹೊರಗಿನ ದೊಡ್ಡ ಸುತ್ತು, ಆಮೇಲೆ ಅದರೊಳಗಿನದು, ಹೀಗೆ. ಕೊನೆಗೆ ಬಾಗಿಲ ಹತ್ತಿರ ಬಿಟ್ಟ ತುದಿಗಳನ್ನು ಯಾವುದು ಸಮೀಪ ಕಂಡಿತೋ ಅದಕ್ಕೆ ಜೋಡಿಸಿದೆ. ಲೆವೆಲ್ ಒಂದು ಕೂದಲೂ ತಪ್ಪಿರಲಿಲ್ಲ. ನನಗೆ ಭಾಳ ಹೆಮ್ಮೆಯಾಗಿತ್ತು.

ಅವತ್ತು ಮಧ್ಯಾಹ್ನ ರೊಟ್ಟಿ ತಿಂದು ಅವ್ವ ಎದ್ದಳು. ಅವ್ವನೂ ನಮ್ಮ ಜೊತೆಗೇ ಕೆಲಸಕ್ಕೆ ಬರುತ್ತಾಳೆ, ಕಲಸಿದ ಸಿಮೆಂಟು ಹೊರುತ್ತಾಳೆ. ಮಗ ಮಾಡಿದ್ದು ನೋಡೋಣ ಎಂದು ಚಪ್ಪಲಿ ಬಿಟ್ಟು ಒಳಗೆ ಹೊಕ್ಕಳು. ಸ್ವಲ್ಪ ಹೊತ್ತಿಗೆ ಬಾಗಿಲಿಗೇ ಬಂದು ನಿಂತಳು. ಮತ್ತೆ ಹೋದಳು, ಮತ್ತೆ ಅಲ್ಲೇ ಬಂದಳು.

"ಏ ತಮ್ಮಾ, ನಾ ಒಳಗ ಹೋದಾಕಿ ಹೊರಗ ಬಂದೆಲ್ಲೋ."

"ಸರಿ ನಡಿಬೇ."

"ನಾ ಸರೀನೇ ನಡದೀನಿ. ಇಂಥಾ ಕೋಟಿ ಬರದು ಕೊಟ್ರ ಬಸುರಿ ಹೆರ್ತಾಳೇನು? ಕೂಸು ಒಳಗೇ ಕುಂತು ಮುದುಕ ಆಗ್ತದ."

ಜೊತೆಗಿದ್ದ ಇಬ್ಬರು ಕೆಲಸದವರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನಮ್ಮ ಮನೆಯಲ್ಲಿ ಹೆರಿಗೆ ತಡವಾದರೆ ಕಂಚಿನ ತಾಟಿನಲ್ಲಿ ಒದ್ದೆ ಕುಂಕುಮದಿಂದ ಏಳು ಸುತ್ತಿನ ಕೋಟೆ ಬರೆಯುತ್ತಾರೆ. ನೋವು ತಿನ್ನುತ್ತಿರುವವಳು ಬಾಗಿಲಿಂದ ನಡುವಿನವರೆಗೆ ಬೆರಳಾಡಿಸಬೇಕು, ಬೆರಳಿಗೆ ದಾರಿ ಸಿಕ್ಕಂತೆ ಕೂಸಿಗೂ ಸಿಗಲಿ ಎಂದು. ಅವ್ವ ಎಷ್ಟೋ ತಾಟು ಬರೆದವಳು. ನಾನು ಒಳಗೆ ನಡೆದು ನೋಡಿದೆ. ಹೊರಗಿನಿಂದ ಎಣಿಸಿದರೆ ಮೂರನೇ ಸುತ್ತಿಗೆ ಹೊಕ್ಕು, ಎರಡಕ್ಕೆ, ಒಂದಕ್ಕೆ ಬಂದು, ಅಲ್ಲಿಂದ ನಾಲ್ಕಕ್ಕೆ ದಾಟಬೇಕು. ನನ್ನ ಕೋಟೆಯಲ್ಲಿ ಒಂದರಿಂದ ನೇರ ಬಾಗಿಲಿಗೆ. ಒಳಗಿನ ನಾಲ್ಕು ಸುತ್ತಿಗೆ ಹೋಗಲು ದಾರಿಯೇ ಇರಲಿಲ್ಲ.

ಆಗಲೇ ನಾನು ಹಾರೆ ಎತ್ತಿದ್ದು.

ಗುತ್ತೇದಾರ ಹಾರೆ ಬಿಡಲಿಲ್ಲ. "ಇನ್ನೊಂದ ಕಲ್ಲ ಕಿತ್ತೆಂದ್ರ ಹಾಲ್‌ನ ಫರ್ಸಿ ಮರತುಬಿಡು. ನಾಳಿಂದ ನೀನೂ ಬರಬ್ಯಾಡ, ನಿಮ್ಮವ್ವನೂ ಬರಬ್ಯಾಡ."

ಅವ್ವ ನನ್ನ ತೋಳು ಹಿಡಿದಳು. "ಸುಮ್ಕಿರು ತಮ್ಮಾ. ಕೆಲಸ ಹೋಗ್ತದ."

"ನೀನೇ ಹೇಳ್ದೆಲ್ಲ?"

"ತಪ್ಪದ ಅಂತ ಹೇಳೀನಿ. ಕೀಳಂತ ಹೇಳೀನೇನು?"

"ತಪ್ಪದ ಅಂದಮ್ಯಾಗ ಕೀಳಬೇಕು." ಹಾರೆ ಜಗ್ಗಿ ಬಿಡಿಸಿಕೊಂಡೆ. "ಮಾಸ್ತರ್ರಿಗಿ ಫೋನ್ ಮಾಡ್ರಿ. ದಾರಿ ಇಲ್ಲದ ಕೋಟಿ ನಡೀತದ ಅಂತ ಅವರು ಅಂದ್ರ ಬಿಡ್ತೀನಿ."

ಅವನು ಫೋನ್ ಮಾಡಲಿಲ್ಲ. ಮೋಟಾರ್ ಸೈಕಲ್ ಹತ್ತಿ ಹೋದ. ಜೊತೆಗಿದ್ದ ಇಬ್ಬರೂ ಕೈ ತೊಳೆದುಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ನಾಳೆ ಕೆಲಸ ಬೇಕು.

ಅವ್ವ ನನ್ನನ್ನು ಬೈಯುತ್ತಲೇ ಉಸುಕಿನ ಮೇಲೆ ಕುಂತಳು. ಬೆರಳಿಂದ ಒಂದು ಕೂಡಿಸುವ ಗುರುತು ಬರೆದಳು. ಅದರ ನಾಲ್ಕು ಸಂದಿಯಲ್ಲಿ ಒಂದೊಂದು ಮೂಲೆಗೆರೆ, ಒಂದೊಂದು ಚುಕ್ಕಿ. "ಒಳಗಿಂದ ಹೊರಗ ಬರಬೇಕೋ ಹುಚ್ಚ. ಹೊರಗಿಂದ ಬರದ್ರ ಬರೇ ಕೈಯಾಗಿನ ಬಳಿ ಆಗ್ತಾವ." ಒಂದೊಂದೇ ತುದಿ ಜೋಡಿಸುತ್ತ ಏಳು ಸುತ್ತು ಬರೆದು ತೋರಿಸಿದಳು. ನಾನು ಬಾಗಿಲ ಭಾಗವಷ್ಟೇ ಪೂರ್ತಿ ಬಿಚ್ಚಿದೆ. ಅವಳು ಸುಣ್ಣದಿಂದ ಗುರುತು ಹಾಕಿದಳು, ನಾನು ಪಟ್ಟಿ ಕಡಿದು ಕೂರಿಸಿದೆ. ಹೊತ್ತು ಮುಳುಗುವ ಮೊದಲು ಮುಗಿಯಿತು. ಅವ್ವ ಹಸಿ ಸಿಮೆಂಟು ತುಳಿಯದಂತೆ ಸೀರೆ ಎತ್ತಿಕೊಂಡು ನಡುವಿನವರೆಗೆ ಹೋಗಿ ನಿಂತಳು. ಅಲ್ಲಿಂದಲೇ ಕೂಗಿದಳು: "ಈಗ ಹೆರ್ತಾಳ!"

ಮರುದಿನ ಮಾಸ್ತರರು ಒಳಹೊಕ್ಕು ನಡುವಿಗೆ ಹೋಗಿ, ಕಣ್ಣು ಮುಚ್ಚಿ ನಿಂತರು. ಗುತ್ತೇದಾರ ಪಕ್ಕದಲ್ಲಿ ಕೈ ಕಟ್ಟಿಕೊಂಡು, ಎಲ್ಲ ತಾನೇ ನಿಂತು ಮಾಡಿಸಿದೆ ಎಂದು ಬಂದವರಿಗೆ ಹೇಳುತ್ತಿದ್ದ. ಹೇಳಲಿ. ಮಂದಿ ಹೋದ ಮೇಲೆ ನನ್ನ ಹತ್ತಿರ ಬಂದು, "ಹೋಗಿ ಅವರಿವರ ಅಡಿಗಿಮನಿ ಫರ್ಸಿ ಹಾಕ್ಕೋ" ಎಂದ. ಹಾಲ್‌ನ ಫರ್ಸಿ ಬೇರೆಯವನಿಗೆ ಕೊಟ್ಟ.

ಈಗ ನಾನೂ ಅವ್ವನೂ ವಾಡಿ, ಚಿತ್ತಾಪುರದ ಕಡೆ ಅಡುಗೆಮನೆಗಳ ಫರ್ಸಿಯೇ ಹಾಕುತ್ತೇವೆ. ಅವತ್ತು ಸುಮ್ಮನಿದ್ದಿದ್ದರೆ ದೊಡ್ಡ ಮೇಸ್ತ್ರಿ ಆಗುತ್ತಿದ್ದೆ ಎಂದು ಊರವರು ಈಗಲೂ ಹೇಳುತ್ತಾರೆ. ಆಗುತ್ತಿದ್ದೆ. ಆದರೂ ಇನ್ನೊಮ್ಮೆ ಹಾಗೇ ಬಂದರೆ ಕೀಳುತ್ತೇನೆ.