ಪೊಟ್ಟಣ ಒಡೆದ್ರಾ?
ಕೊರಿಯಾದ ನಮ್ಮ ಗಾಂಗ್ನುಂಗ್ ಊರಿನಲ್ಲಿ ಕೆಲಸ ಬಿಟ್ಟವರೆಲ್ಲ ಕಾಫಿ ಹುರಿಯುತ್ತಾರೆ; ಬೊಂಗ್ ತೇಸಿಕ್ ಬ್ಯಾಂಕು ಬಿಟ್ಟು ಹುರಿದು, ಆನ್‌ಲೈನಿನಲ್ಲಿ ಮಾರುತ್ತಾನೆ. ಅಂಗಡಿಯೆಂದರೆ ಮೂರನೆಯ ಮಹಡಿಯ ಬಾಲ್ಕನಿ, ಹುರಿಯುವ ಯಂತ್ರ, ಒಂದು ಕಂಪ್ಯೂಟರು. ಪಾರ್ಸೆಲ್ ಒಯ್ಯಲು ಹೋಗುವ ನನಗೆ ದಿನವೂ ಪಾಠ: "ಬಿಸಿಲಲ್ಲಿ ಇಡಬೇಡಪ್ಪಾ, ಮಗೂನ ಎತ್ಕೊಂಡಂಗೆ ಎತ್ಕೊ." ಒಂದು ಗುಟುಕು ಕುಡಿಸಿ, "ಏನು ಘಮ ಬಂತು?" ಎನ್ನುತ್ತಾನೆ. ಅವನಿಗೆ ಮಲ್ಲಿಗೆ ಬಂದಿರುತ್ತದೆ, ನನಗೆ ಬರೀ ಹುಳಿ. "ನಿನ್ನ ನಾಲಿಗೆಗೆ ಕಿಮ್ಚಿಯ ಹುಳಿ ಒಂದೇ ಗೊತ್ತು!" ಗಿರಾಕಿಗಳ ಪಾಡು ಇನ್ನೂ ಕಷ್ಟ. ಪಾರ್ಸೆಲ್ ತಲುಪಿದ ವಾರಕ್ಕೆ ತಪ್ಪದೆ ಫೋನು: "ಪೊಟ್ಟಣ ಒಡೆದ್ರಾ? ಇನ್ನೂ ಇಲ್ವಾ? ಯಾರಿಗೆ ಅಂತ ಎತ್ತಿಟ್ಟಿದ್ದೀರಿ? ಇವತ್ತೇ ಕುಡೀರಿ!" ಸಿಯೋಲ್‌ನ ಹೆಂಗಸೊಬ್ಬಳು, "ನಮ್ಮತ್ತೆನೂ ಇಷ್ಟು ಕಾಡಲ್ಲ ಕಣ್ರೀ" ಎಂದು ಕೊಳ್ಳುವುದನ್ನೇ ಬಿಟ್ಟಳು. ಅವನು ಫೋನು ಬಿಡಲಿಲ್ಲ. ಮೊದಲೆಲ್ಲ ಹೀಗಿರಲಿಲ್ಲ. ಅಂಗಡಿ ಶುರುವಾದಾಗ ಮೊದಲ ಪೊಟ್ಟಣ ತಾಯಿಗೆ ಕಳಿಸಿದ್ದ. ಆಮೇಲೆ ಹೊಸದಾಗಿ ಹುರಿದಾಗಲೆಲ್ಲ ಒಂದೊಂದು. ಮುಟ್ಟಿಸುತ್ತಿದ್ದವನು ನಾನೇ. ಮುದುಕಿ ಎದೆಗೊತ್ತಿಕೊಂಡು, "ನನ್ನ ಮಗಂದು! ಇಷ್ಟು ಒಳ್ಳೇದನ್ನ ನಾನೊಬ್ಬಳೇ ಕುಡಿಯೋದಾ? ಮನೆಗೆ ಜನ ಬಂದಾಗ ಒಡೀತೀನಿ" ಎನ್ನುತ್ತಿದ್ದಳು. ಹೋದ ಚಳಿಗಾಲ ಅವಳು ತೀರಿಕೊಂಡಳು. ಅಕ್ಕಿ ಡಬ್ಬದ ಹಿಂದೆ ಅಷ್ಟೂ ಪೊಟ್ಟಣಗಳು ಒಡೆಯದೆ ಹಾಗೇ ಇದ್ದವು. ಜನ ಬಂದರು, ಕಪ್ಪು ಬಟ್ಟೆ ತೊಟ್ಟು. ತೇಸಿಕ್ ಒಂದೊಂದನ್ನೇ ಒಡೆದು, ಬಂದವರಿಗೆಲ್ಲ ಸೋಸಿ ಕೊಟ್ಟ. ಏನು ಘಮ ಬಂತು ಎಂದು ಅವತ್ತು ಯಾರನ್ನೂ ಕೇಳಲಿಲ್ಲ.